ಕ್ಯಾನ್ಸಸ್ ಬ್ಯಾಸ್ಕೆಟ್‌ಬಾಲ್ ದಾಖಲೆಗಳ ಪಟ್ಟಿ ನಾನು ಮಾಡಿಕೊಂಡ ಬಗೆ

ಕ್ಯಾನ್ಸಸ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ದಾಖಲೆ ಪಟ್ಟಿ ತೆಗೆದರೆ, ಒಟ್ಟು ಪಾಯಿಂಟ್‌ಗಳಲ್ಲಿ ಮೊದಲ ಹೆಸರು ಡ್ಯಾನಿ ಮ್ಯಾನಿಂಗ್. 2,951 ಪಾಯಿಂಟ್. ಈ ಆಟ ಕಂಡ ಮಹಾನ್ ಆಟಗಾರರಲ್ಲಿ ಒಬ್ಬರಾದ ವಿಲ್ಟ್ ಚೇಂಬರ್ಲೇನ್ ಸಿಗಬೇಕಾದರೆ ತುಂಬಾ ಕೆಳಗೆ ಇಳಿಯಬೇಕು, ಅಲ್ಲಿ 1,433 ಅಂತ ಇರುತ್ತದೆ. ಈ ಆಟ ಗೊತ್ತಿರುವ ಯಾರಿಗೂ ಇದು ಸರಿ ಅನ್ನಿಸುವುದಿಲ್ಲ, ಅಲ್ವಾ? ಮ್ಯಾನಿಂಗ್ ಮೇಲಿರುವುದು ತಪ್ಪಲ್ಲ. ಆದರೆ ಆ ಎರಡು ಸಂಖ್ಯೆಗಳ ನಡುವೆ ಏನು ನಡೆಯಿತು ಅನ್ನುವುದನ್ನು ಪಟ್ಟಿ ಹೇಳುವುದೇ ಇಲ್ಲ.

ಅದಕ್ಕೇ ನನ್ನದೇ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡೆ. ಈ ವಿಶ್ವವಿದ್ಯಾಲಯ ಇರುವ ಲಾರೆನ್ಸ್‌ನಲ್ಲಿ ಎಂಎಸ್ ಓದುವಾಗ ಶುರುವಾದದ್ದು, ಕೆಲಸ ಸಿಕ್ಕಿ ಆ ಊರು ಬಿಟ್ಟ ಮೇಲೂ ಮುಂದುವರಿದಿದೆ. ನಿಮ್ಮ ಇಷ್ಟದ ಕಾಲೇಜು ತಂಡಕ್ಕೂ ಹೀಗೇ ಮಾಡಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಅಂಕಿಅಂಶ ಸಿಗುವುದು ಕಷ್ಟವಲ್ಲ. ತಂಡದವರೇ ಪತ್ರಕರ್ತರಿಗಾಗಿ ಹೊರತರುವ ಮಾಹಿತಿ ಪುಸ್ತಕ, ಮೀಡಿಯಾ ಗೈಡ್‌ನಲ್ಲಿ ಬಹುಪಾಲು ಇರುತ್ತದೆ. ಕೆಲಸ ಇರುವುದು ಆಮೇಲೆ.

ನಾನು ಮೊದಲು ಸೇರಿಸಿದ್ದು ಆಡಿದ ಪಂದ್ಯಗಳ ಕಾಲಂ. ಮ್ಯಾನಿಂಗ್ 147 ಪಂದ್ಯ, ಚೇಂಬರ್ಲೇನ್ 48. ಅಷ್ಟು ಬರೆದ ತಕ್ಷಣ ಚಿತ್ರ ಬದಲಾಗುತ್ತದೆ. ಪಂದ್ಯಕ್ಕೆ ಮ್ಯಾನಿಂಗ್ ಸರಾಸರಿ 20.1, ಚೇಂಬರ್ಲೇನ್ ಸರಾಸರಿ 29.9. ರೀಬೌಂಡ್‌ನಲ್ಲಿ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದರಲ್ಲಿ, ಅಂತರ ಇನ್ನೂ ಜಾಸ್ತಿ. ಮ್ಯಾನಿಂಗ್ ಅವರ 1,187 ಈ ತಂಡದ ದಾಖಲೆ, ಪಂದ್ಯಕ್ಕೆ 8 ಬೀಳುತ್ತದೆ. ಚೇಂಬರ್ಲೇನ್ 48 ಪಂದ್ಯಗಳಲ್ಲೇ 877 ಹಿಡಿದಿದ್ದಾರೆ, ಪಂದ್ಯಕ್ಕೆ 18.3.

48 ಪಂದ್ಯ ಮಾತ್ರ ಯಾಕೆ ಅನ್ನುವುದಕ್ಕೆ ಇನ್ನೊಂದು ಕಾಲಂ ಬೇಕಾಯಿತು, ನಿಯಮಗಳದ್ದು. ನನ್ನ ಪ್ರಕಾರ ಇಡೀ ಶೀಟ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 1972-73ರ ತನಕ ಮೊದಲ ವರ್ಷದ ಹುಡುಗರು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವ ಹಾಗಿರಲಿಲ್ಲ. ಚೇಂಬರ್ಲೇನ್ ಇದ್ದ ಮೊದಲ ವರ್ಷದವರ ತಂಡ ಮುಖ್ಯ ತಂಡವನ್ನೇ 81-71ರಿಂದ ಸೋಲಿಸಿತು, ಅದರಲ್ಲಿ ಅವರೊಬ್ಬರದೇ 42 ಪಾಯಿಂಟ್, ಆದರೆ ಆ ವರ್ಷದ್ದು ಯಾವುದೂ ದಾಖಲೆಗೆ ಸೇರುವುದಿಲ್ಲ. ಆಮೇಲೆ 1956-57 ಮತ್ತು 1957-58, ಎರಡೇ ಸೀಸನ್. ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ ಕಾಲೇಜು ಬಿಟ್ಟು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಅನ್ನುವ, ಪ್ರದರ್ಶನ ಪಂದ್ಯ ಆಡುವ ವೃತ್ತಿಪರ ತಂಡ ಸೇರಿದರು. ಮ್ಯಾನಿಂಗ್ 1984ರಿಂದ 1988ರವರೆಗೆ ಪೂರ್ತಿ 4 ಸೀಸನ್ ಆಡಿ, ಕೊನೆಗೆ 1988ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಒಕ್ಲಹೋಮ ವಿರುದ್ಧ 31 ಪಾಯಿಂಟ್, 18 ರೀಬೌಂಡ್ ಗಳಿಸಿ ಕಪ್ ಗೆಲ್ಲಿಸಿದವರು. ಇಬ್ಬರೂ ದೊಡ್ಡವರೇ. ಒಂದೇ ಕಾಲಂನಲ್ಲಿ ಅಳೆಯಲು ಆಗುವುದಿಲ್ಲ ಅಷ್ಟೇ.

ನಿಯಮದ ಕಾಲಂನಲ್ಲಿ ಶಾಟ್ ಕ್ಲಾಕ್ ಕೂಡ ಇದೆ, ಅಂದರೆ ಚೆಂಡು ಸಿಕ್ಕ ತಂಡ ಇಷ್ಟು ಸೆಕೆಂಡ್‌ನೊಳಗೆ ಬುಟ್ಟಿಗೆ ಎಸೆಯಲೇಬೇಕು ಅನ್ನುವ ಗಡುವು. ಎಲ್ಲ ಕಾಲೇಜುಗಳಿಗೂ 45 ಸೆಕೆಂಡ್ ಕ್ಲಾಕ್ ಬಂದದ್ದು 1985-86ರಲ್ಲಿ. ಅದಕ್ಕೂ ಮೊದಲು ಎದುರು ತಂಡ ಚೆಂಡು ಹಿಡಿದುಕೊಂಡು ಸುಮ್ನೆ ಕಾಲ ತಳ್ಳಬಹುದಿತ್ತು. ಚೇಂಬರ್ಲೇನ್ ಎದುರು ಅದನ್ನೇ ಮಾಡುತ್ತಿದ್ದರು. 1957ರ ಫೈನಲ್ 3 ಓವರ್‌ಟೈಮ್ (ಸ್ಕೋರ್ ಸಮವಾದಾಗ ಕೊಡುವ ಹೆಚ್ಚುವರಿ ಅವಧಿ) ಹೋಗಿಯೂ ನಾರ್ತ್ ಕ್ಯಾರೊಲೈನಾ 54, ಕ್ಯಾನ್ಸಸ್ 53. ಅಂಥ ಕಾಲದಲ್ಲಿ ಪಂದ್ಯಕ್ಕೆ 30ರ ಹತ್ತಿರ ಸರಾಸರಿ ಇಟ್ಟುಕೊಳ್ಳುವುದು ಎಂಥ ಆಟ ಯೋಚಿಸಿ.

ಮೂರು ಪಾಯಿಂಟ್ ಗೆರೆ, ಅಂದರೆ ಅದರಾಚೆಯಿಂದ ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್ ಕೊಡುವ ಗೆರೆ, ಬಂದದ್ದು 1986-87ರಲ್ಲಿ. ಹಾಗಾಗಿ ಜೆಫ್ ಬೋಶಿ ಅವರ 338 ಮೂರು ಪಾಯಿಂಟ್ ಬುಟ್ಟಿಗಳ ದಾಖಲೆಗೆ ಹಳಬರು ಸ್ಪರ್ಧೆಯಲ್ಲೇ ಇಲ್ಲ.

ಇಲ್ಲಿ ಒಂದು ಕಿವಿಮಾತು. ಲೆಕ್ಕ ಇಡದೇ ಇದ್ದ ಕಡೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಬ್ಲಾಕ್‌ಗಳಲ್ಲಿ (ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ತಡೆಯುವುದು) ಜೆಫ್ ವಿಥಿ 312ರೊಂದಿಗೆ ಮೊದಲಿಗರು, ಅದರಲ್ಲಿ 146 ಒಂದೇ ಸೀಸನ್‌ದು, 2012-13. ಚೇಂಬರ್ಲೇನ್ ಕಾಲದಲ್ಲಿ ಬ್ಲಾಕ್ ಎಣಿಸಿ ದಾಖಲೆ ಇಡುವ ಪದ್ಧತಿಯೇ ಇರಲಿಲ್ಲ. ಅವರ ಹೆಸರಿನ ಮುಂದೆ 0 ಹಾಕಿದರೆ ಶೀಟ್ ಅವರನ್ನು ಬ್ಲಾಕ್ ಮಾಡಲು ಬಾರದವರ ಸಾಲಿಗೆ ಸೇರಿಸುತ್ತದೆ, ಸರಾಸರಿ ಲೆಕ್ಕವೂ ಕೆಡುತ್ತದೆ. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಸ್ಟೀಲ್‌ಗಳನ್ನು (ಎದುರಾಳಿಯಿಂದ ಚೆಂಡು ಕಸಿಯುವುದು) ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1985-86ರಿಂದ, ಆದರೆ ಕ್ಯಾನ್ಸಸ್ ದಾಖಲೆ 336 ಇರುವುದು 1977ರಿಂದ 1981ರವರೆಗೆ ಆಡಿದ ಡಾರ್ನೆಲ್ ವ್ಯಾಲೆಂಟೈನ್ ಹೆಸರಲ್ಲಿ. ಕಾಲೇಜಿನವರು ತಾವೇ ಎಣಿಸಿಟ್ಟಿದ್ದಕ್ಕೆ ಆ ಹೆಸರು ಉಳಿಯಿತು. ಹೀಗಾಗಿ ಕಾಲೇಜಿನ ದಾಖಲೆ, ಎನ್‌ಸಿಎಎ ದಾಖಲೆ ಎರಡನ್ನೂ ಒಂದೇ ಶೀಟ್‌ನಲ್ಲಿ ಬೆರೆಸದೆ ಬೇರೆ ಬೇರೆ ಇಟ್ಟಿದ್ದೇನೆ.

ನನಗೆ ಈ ಶೀಟ್‌ನಲ್ಲಿ ಬಹಳ ಹಿಡಿಸುವ ಸಾಲು ರೇಫ್ ಲಾಫ್ರೆಂಟ್ಜ್ ಅವರದು. ರೀಬೌಂಡ್ 1,186. ಮ್ಯಾನಿಂಗ್ ದಾಖಲೆಗಿಂತ ಒಂದೇ ಒಂದು ಕಡಿಮೆ! ಕೊನೆಯ ಸೀಸನ್, 1997-98ರಲ್ಲಿ, ಕೈ ಮೂಳೆ ಮುರಿದು 9 ಪಂದ್ಯ ತಪ್ಪಿದವು. ಆಡಿದ್ದು 131 ಪಂದ್ಯ, ಅಂದರೆ ಪಂದ್ಯಕ್ಕೆ 9ರ ಲೆಕ್ಕದಲ್ಲಿ ಮ್ಯಾನಿಂಗ್‌ಗಿಂತ ಮುಂದೆಯೇ. ಬರೀ ಒಟ್ಟು ಸಂಖ್ಯೆ ನೋಡುವವರಿಗೆ ಅವರು ಎರಡನೆಯವರು ಅಷ್ಟೇ.

ಒಂದೇ ಪಂದ್ಯದ ದಾಖಲೆಗಳಿಗೆ ಇಷ್ಟೆಲ್ಲ ಬೇಡ, ನಿಯಮದ ಕಾಲಂ ಸಾಕು. 1956ರ ಡಿಸೆಂಬರ್ 3ರಂದು ನಾರ್ತ್‌ವೆಸ್ಟರ್ನ್ ವಿರುದ್ಧ, ಮುಖ್ಯ ತಂಡಕ್ಕೆ ತಮ್ಮ ಮೊದಲನೇ ಪಂದ್ಯದಲ್ಲೇ, ಚೇಂಬರ್ಲೇನ್ 52 ಪಾಯಿಂಟ್, 31 ರೀಬೌಂಡ್ ಗಳಿಸಿದರು. ಅದಕ್ಕೆ ಹತ್ತಿರ ಬಂದದ್ದು 1972ರಲ್ಲಿ ಮಿಸ್ಸೂರಿ ವಿರುದ್ಧ 50 ಹೊಡೆದ ಬಡ್ ಸ್ಟಾಲ್‌ವರ್ತ್. ಎರಡೂ ಮೂರು ಪಾಯಿಂಟ್ ಗೆರೆ ಇಲ್ಲದ ಕಾಲದವು.

ಈಚೆಗೆ ಸೇರಿಸಿದ್ದು ಸೀಸನ್‌ಗಳ ಸಂಖ್ಯೆ. ಕೊರೊನಾ ಇದ್ದ 2020-21ನ್ನು ಲೆಕ್ಕಕ್ಕೆ ಹಿಡಿಯದೆ ಆಟಗಾರರಿಗೆ ಒಂದು ವರ್ಷ ಹೆಚ್ಚು ಕೊಟ್ಟರು, ಹಾಗಾಗಿ 5 ಸೀಸನ್ ಆಡಿದವರು ಬಂದರು. ಡಜುವಾನ್ ಹ್ಯಾರಿಸ್ ಹಾಗೆ 2025ರವರೆಗೆ ಆಡಿದರು. ಅಷ್ಟಾದರೂ ಆರನ್ ಮೈಲ್ಸ್ ಅವರ 954 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್) ದಾಟಲು ಆಗಲಿಲ್ಲ, ಮೈಲ್ಸ್ ಅದನ್ನು ಮಾಡಿದ್ದು 4 ಸೀಸನ್‌ನಲ್ಲಿ.