ಡೊಂಬಿವಲಿಯಿಂದ ಪರೇಲ್‌ವರೆಗಿನ ದೂರ

ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದಾಗ ಅವನಿಗೆ ಆರು ವರ್ಷ. ಗದಗಿನಿಂದ ಕರೆತಂದು ಮುಂಬೈನ ಪರೇಲ್‌ನಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ತೋರಿಸಿದೆವು. ಉಳಿಯಲು ಡೊಂಬಿವಲಿಯ ನನ್ನ ಒಂದೇ ಕೋಣೆಯ ಮನೆ. ಅಲ್ಲಿಂದ ಪರೇಲ್‌ಗೆ ರೈಲಿನಲ್ಲಿ ಸುಮಾರು 40 ಕಿ.ಮೀ. ಕೀಮೋ ಆದ ಮಗುವಿಗೆ ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ, ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ಎದೆ ಝಲ್ಲೆನ್ನುತ್ತದೆ. ಅಕ್ಕ ಅವನಿಗೆ ಮಾಸ್ಕ್ ಹಾಕಿ, ಸೆರಗಿನಲ್ಲಿ ಮುಚ್ಚಿಕೊಂಡು ಲೋಕಲ್ ಹತ್ತುತ್ತಿದ್ದಳು. ಹೀಗೆ ಎರಡೂವರೆ ವರ್ಷ. ನಮಗೆ ಆ ಕೋಣೆಯಾದರೂ ಇತ್ತು. ಆಸ್ಪತ್ರೆಯ ಹೊರಗೆ ಫುಟ್‌ಪಾತ್ ಮೇಲೆ ಮಲಗಿದವರಿಗೆ ಅದೂ ಇರಲಿಲ್ಲ.

ಅವನು ಚೇತರಿಸಿಕೊಂಡ ಮೇಲೆ 42 ಕಿ.ಮೀ.ನ ಟಾಟಾ ಮುಂಬೈ ಮ್ಯಾರಥಾನ್ ಓಡಿ ದುಡ್ಡು ಸೇರಿಸೋಣ ಅಂದುಕೊಂಡೆ. ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಆರಿಸಿಕೊಂಡೆ. ದೂರದೂರಿನಿಂದ ಚಿಕಿತ್ಸೆಗೆ ಬಂದ ಮಕ್ಕಳಿಗೂ ತಂದೆತಾಯಿಗೂ ಇವರು 2006ರಿಂದ ಉಚಿತವಾಗಿ ಉಳಿಯಲು ಜಾಗ ಕೊಡುತ್ತಿದ್ದಾರೆ. ಜಾಗವಿಲ್ಲ ಅಂತಲೇ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವವರು ಇದ್ದಾರೆ, ಅದು ತಪ್ಪಬೇಕು.

ಓಟದ ತಯಾರಿ ಜಾಸ್ತಿ ಹೇಳುವಂಥದ್ದಲ್ಲ. ಮಳೆಗಾಲದಲ್ಲಿ ಶುರು ಮಾಡಿದೆ. ವಾರಕ್ಕೆ ನಾಲ್ಕು ದಿನ ಓಟ, ಭಾನುವಾರ ಉದ್ದದ್ದು, ಡಿಸೆಂಬರ್ ಹೊತ್ತಿಗೆ 32 ಕಿ.ಮೀ. ಹೊರಡುವ ಮುಂಚೆ ಒಂದು ಲೋಟ ರಾಗಿ ಅಂಬಲಿ.

ಕಷ್ಟವಾದದ್ದು ದುಡ್ಡು ಕೇಳುವುದು. ಮೊದಲು ಐದಾರು ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಾಕಿದೆ. ಕೈಮುಗಿದ ಚಿತ್ರಗಳು ಸಾಕಷ್ಟು ಬಂದವು, ದುಡ್ಡು ಕೊಟ್ಟವರು ಮೂರೇ ಜನ. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದಂತಲ್ಲ, ಅಲ್ವಾ? ಆಮೇಲೆ ದಿನಕ್ಕೆ ಐದು ಜನರಿಗೆ ಫೋನ್ ಮಾಡತೊಡಗಿದೆ. 'ನಮ್ಮಕ್ಕ ಆಸ್ಪತ್ರೆಗೆ ಹೋಗುತ್ತಿದ್ದ ದೂರವನ್ನು ನಾನು ಒಂದು ಸಲ ಓಡುತ್ತೇನೆ. ಕಿಲೋಮೀಟರಿಗೆ ಹತ್ತು ರೂಪಾಯಿ, ಒಟ್ಟು 420 ಕೊಡ್ತೀರಾ?' ಮೊತ್ತ ಹೇಳಿಬಿಟ್ಟರೆ ಕೊಡುವವರಿಗೂ ಸಲೀಸು. ಹಲವರು ಅದಕ್ಕಿಂತ ಹೆಚ್ಚೇ ಕೊಟ್ಟರು. ನಮ್ಮ ಕಟ್ಟಡದ ವಾಚ್‌ಮನ್ ಲೆಕ್ಕ ಕೇಳಿಸಿಕೊಂಡು, ಜೇಬಿನಿಂದ ನಾಲ್ಕಾಗಿ ಮಡಚಿದ ಐವತ್ತರ ನೋಟು ತೆಗೆದು, 'ಐದು ಕಿಲೋಮೀಟರ್ ನನ್ನದು' ಅಂದರು.

ಒಂದು ಮಾತು. ದುಡ್ಡು ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ. ನೇರ ಸಂಸ್ಥೆಗೇ ಹೋಗಲಿ. ಕೊಟ್ಟವರಿಗೆ ಅಲ್ಲಿಂದಲೇ ಆದಾಯ ತೆರಿಗೆ ರಿಯಾಯಿತಿಯ ರಸೀದಿ ಬರುತ್ತದೆ, ಅದಕ್ಕೆ ಪ್ಯಾನ್ ನಂಬರ್ ಬೇಕು ಅಂತ ಮೊದಲೇ ತಿಳಿಸಿ. ವಾಚ್‌ಮನ್ ಅವರ ಐವತ್ತನ್ನು ಅವರ ಹೆಸರಿನಲ್ಲೇ ಕಟ್ಟಿದೆ. ಕೊನೆಗೆ 2 ಲಕ್ಷದ 36 ಸಾವಿರ ಸೇರಿತು.

2024ರ ಜನವರಿ 21, ಭಾನುವಾರ. ಇನ್ನೂ ಕತ್ತಲಿರುವಾಗ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನಿಂದ ಹೊರಟೆವು. ಉಳಿದ ದಿನ ಕಾಲ್ನಡಿಗೆಯವರನ್ನು ಬಿಡದ ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಗಾಳಿಗೆ ಮುಖವೊಡ್ಡಿ ಓಡುವಾಗ ಆಯಾಸವೇ ಗೊತ್ತಾಗಲಿಲ್ಲ. ವಾಪಸು ಬರುವಾಗ ಪೆಡ್ಡರ್ ರಸ್ತೆಯ ಏರು. ಅಷ್ಟು ಓಡಿದ ಮೇಲೆ ಅದು ಗುಡ್ಡವೇ. ಮೀನಖಂಡ ಹಿಡಿದು, ನಿಂತುಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಉಪ್ಪು ಸವರಿದ ಕಿತ್ತಳೆ ತೊಳೆಯನ್ನು ನನ್ನ ಬಾಯಿಗೇ ಇಟ್ಟರು. ಅಕ್ಕ ರೈಲಿನಲ್ಲಿ ನಿಂತೇ ಹೋಗುತ್ತಿದ್ದ ದಿನಗಳು ನೆನಪಾದವು. ಸ್ವಲ್ಪ ನಡೆದೆ, ಮತ್ತೆ ಓಡಿದೆ.

ಮುಗಿಸಿದಾಗ ಐದು ಗಂಟೆ ಇಪ್ಪತ್ತು ನಿಮಿಷ. ಗದಗಿಗೆ ಫೋನ್ ಮಾಡಿದೆ. ಅವನೇ ಎತ್ತಿಕೊಂಡ.

'ಮಾಮಾ, ಎಷ್ಟ ಓಡಿದಿ?'

'ನಲವತ್ತೆರಡು ಕಿಲೋಮೀಟರ್.'

ಅವನಿಗೆ ಆ ದಾರಿಯ ಸ್ಟೇಷನ್‌ಗಳೆಲ್ಲ ಬಾಯಿಪಾಠ. ಪರೇಲ್‌ನಿಂದ ಒಂದೊಂದಾಗಿ ಎಣಿಸಿದ.

'ಹಂಗಾದ್ರ ನಮ್ಮ ಡೊಂಬಿವಲಿ ದಾಟಿ ಠಾಕುರ್ಲಿ ಮಟ ಹೋದಿ ಮಾಮಾ!'