ನಲಿಕಲಿ ಕೋಣೆಯಲ್ಲಿ ಗಲಾಟೆ ಹುಟ್ಟುವುದೆಲ್ಲಿ, ತಡೆಯುವುದು ಹೇಗೆ?

ನಲಿಕಲಿ ಎಂದರೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಐದು ತಟ್ಟೆಗಳ ಸುತ್ತ ಗುಂಪುಗಳಾಗಿ; ಯಾರ ಸಹಾಯ ಎಷ್ಟು ಬೇಕು ಎಂಬುದರ ಮೇಲೆ ಮಗುವಿನ ತಟ್ಟೆ. ನೋಡಿಕೊಳ್ಳಲು ಒಬ್ಬರೇ ಟೀಚರ್. ಇಲ್ಲಿ ಸೂಜಿ ಬಿದ್ದರೂ ಕೇಳಬೇಕು ಎಂದು ಬಯಸುವುದೇ ತಪ್ಪು. ಗೆಳೆಯನಿಗೆ ಕಾರ್ಡು ಓದಿ ಹೇಳುವ ಮಗು ಬಾಯಿ ಮುಚ್ಚಿಕೊಂಡು ಹೇಳೀತೆ? ಕೆಲಸದ ಗುಜುಗುಜು ಇರಲಿ. ಕೆಲಸವಿಲ್ಲದ ಗಲಾಟೆಯೇ ಬೇರೆ, ಅದು ಹೆಚ್ಚಾಗಿ ಹುಟ್ಟುವುದು ಮಕ್ಕಳು ಕಾಯುತ್ತಾ ಕೂತ ಕಡೆ: ಕಾರ್ಡು ಮುಗಿದಾಗ, ಪೆನ್ಸಿಲ್ ಮುರಿದಾಗ, ತಟ್ಟೆ ಬದಲಿಸುವಾಗ.

ಮೊದಲು ಕೂರುವ ಜಾಗ ನೋಡಿ. ಶಿಕ್ಷಕರಿಂದ ಸಂಪೂರ್ಣ ಬೆಂಬಲಿತವಾದ ಮೊದಲ ತಟ್ಟೆಯನ್ನು ಗೋಡೆಯ ಹತ್ತಿರ ಹಾಕಿ, ನೀವು ಗೋಡೆಗೆ ಬೆನ್ನು ಕೊಟ್ಟು ಕೂತರೆ ಕತ್ತೆತ್ತಿದೊಡನೆ ಇಡೀ ಕೋಣೆ ಕಾಣುತ್ತದೆ. ಎದುರಿಗೇ ಗೆಳೆಯರಿಂದ ಬೆಂಬಲಿತ ತಟ್ಟೆಗಳಿರಲಿ, ಸದ್ದು ಹೆಚ್ಚು ಅಲ್ಲೇ. ಸ್ವಕಲಿಕೆಯವರು ದೂರವಿದ್ದರೂ ನಡೆಯುತ್ತದೆ. ತಟ್ಟೆಗಳ ನಡುವೆ ಎರಡು ಅಡಿ ದಾರಿ ಬಿಡಿ. ಕಾರ್ಡಿನ ಟ್ರೇಗಳನ್ನೆಲ್ಲ ಒಂದೇ ಗೋಡೆಗೆ ಸಾಲಾಗಿ ಇಟ್ಟರೆ ಅಲ್ಲಿ ಜಾತ್ರೆ ನೆರೆಯುತ್ತದೆ. ಕನ್ನಡ ಒಂದು ಗೋಡೆ, ಗಣಿತ ಒಂದು ಗೋಡೆ ಎಂದು ಹಂಚಿಯೂ ಪ್ರಯೋಜನವಿಲ್ಲ, ಒಂದು ಹೊತ್ತಿಗೆ ಎಲ್ಲರೂ ಮಾಡುವುದು ಒಂದೇ ವಿಷಯ ತಾನೇ. ಕಾರ್ಡುಗಳ ಕ್ರಮ ತೋರಿಸುವ ಕಲಿಕಾ ಏಣಿಯಲ್ಲಿ ಆರಂಭದ ಮೈಲಿಗಲ್ಲುಗಳ, ಅಂದರೆ ಹಂತಗಳ, ಕಾರ್ಡು ಒಂದು ಕಡೆ, ಮುಂದಿನವು ಇನ್ನೊಂದು ಕಡೆ ಇಟ್ಟರೆ ನೂಕಾಟ ಇಳಿಯುತ್ತದೆ.

ಗಮನ ಸೆಳೆಯಲು ಒಂದೇ ಒಂದು ಸನ್ನೆ ಸಾಕು. ನೀವು ಮೂರು ಚಪ್ಪಾಳೆ, ಮಕ್ಕಳು ಎರಡು, ಆಮೇಲೆ ಕೈ ಮಂಡಿಯ ಮೇಲೆ. ಜೂನ್‌ನ ಮೊದಲ ಎರಡು ವಾರ ದಿನಕ್ಕೆ ಐದು ನಿಮಿಷ ಇದನ್ನು ಆಟವಾಗಿಯೇ ಆಡಿಸಿ. ಗದ್ದಲ ನೆತ್ತಿಗೇರಿದ ಮೇಲೆ ಕಲಿಸಲು ಹೊರಟರೆ ಯಾರಿಗೂ ತಲೆಗೆ ಹೋಗದು. ಸನ್ನೆ ಕೆಡುವುದು ಹೆಚ್ಚಾಗಿ ನಮ್ಮಿಂದಲೇ: ಕೊನೆಯ ಮಗು ಕೈ ಇಳಿಸುವ ಮೊದಲೇ ಮಾತು ಶುರು ಮಾಡುತ್ತೇವೆ, ಅರ್ಧ ತರಗತಿಗೆ ಕೇಳದು, ನಾಳೆಯಿಂದ ಅವರು ಕೈ ಇಳಿಸುವುದೂ ಇಲ್ಲ. ಎರಡು ಸಲ ತಟ್ಟಿಯೂ ಆಗದಿದ್ದರೆ ಮೂರನೇ ಸಲ ಬೇಡ. ಹತ್ತಿರದ ತಟ್ಟೆಯ ಬಳಿ ಹೋಗಿ ಮೆಲ್ಲಗೆ ತಟ್ಟಿ, ಅಲ್ಲಿಂದ ಪಕ್ಕದ ತಟ್ಟೆಗೆ ಹಬ್ಬುತ್ತದೆ.

ಇನ್ನು ಪೆನ್ಸಿಲ್. ಸಣ್ಣದು ಅನ್ನಿಸಬಹುದು, ಆದರೆ ಒಬ್ಬ ಮೆಂಡರ್ ಹಿಡಿದು ಕಿಟಕಿ ಬಳಿ ನಿಂತರೆ ಸಾಕು, ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ ನೋಡಲು ನಾಲ್ವರು ಸೇರುತ್ತಾರೆ. ಎರಡು ಡಬ್ಬಿ ಇಡಿ, ಒಂದರಲ್ಲಿ ಚೂಪಾದವು, ಇನ್ನೊಂದು ಮೊಂಡಾದವಕ್ಕೆ. ಮೂವತ್ತು ಮಕ್ಕಳಿಗೆ ಹತ್ತು ಪೆನ್ಸಿಲ್ ಸಾಕು. ಮೊಂಡು ಹಾಕಿ ಚೂಪು ತಗೋ, ಕೇಳುವ ಹಾಗಿಲ್ಲ. ತುದಿಗೆ ಕೆಂಪು ದಾರ ಸುತ್ತಿರಿ, ಇಲ್ಲವಾದರೆ ವಾರದೊಳಗೆ ಹತ್ತೂ ಪಾಟಿಚೀಲ ಸೇರುತ್ತವೆ. ಚೂಪು ಮಾಡುವ ಕೆಲಸ ಸಂಜೆ, ಇಬ್ಬರಿಗೆ ಮಾತ್ರ.

"ಮಿಸ್, ಆಯ್ತು" ಎಂದು ಸುತ್ತ ಮುತ್ತಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತೊಂದರೆ. ಮೊದಲ ತಟ್ಟೆಯ ಪಾಠ ಅಲ್ಲಿಗೆ ಮುಗಿಯಿತು! ನಿಮ್ಮ ಪಕ್ಕ ಇಬ್ಬರಿಗಿಂತ ಹೆಚ್ಚು ನಿಲ್ಲಬಾರದು ಎಂಬ ಕಟ್ಟಳೆ ಮಾಡಿ. ಮೂರನೆಯವರು ನೆಲಮಟ್ಟದ ಕರಿಹಲಗೆಗೆ ಹೋಗಲಿ. ಅಲ್ಲಿ ಪ್ರತಿ ಮಗುವಿಗೂ ಹೆಸರು ಬರೆದ ಒಂದೊಂದು ಚೌಕವಿದ್ದರೆ, ಈಗಷ್ಟೇ ಮುಗಿಸಿದ ಕಾರ್ಡಿನಿಂದ ಐದು ಪದ, ಇಲ್ಲವೇ ಎರಡು ಲೆಕ್ಕ ಬರೆಯುತ್ತಾ ಕಾಯಬಹುದು. ಹತ್ತು ನಿಮಿಷಕ್ಕೊಮ್ಮೆ ಎದ್ದು ಒಂದು ಸುತ್ತು ಬನ್ನಿ, ಹಲಗೆ ನೋಡಿ, ಮುಂದಿನ ಕಾರ್ಡು ಹೇಳಿ.

ಒಂದಕ್ಕೆ ಹೋಗಲು ಬಾಗಿಲ ಬಳಿ ಎರಡು ಮರದ ಬಿಲ್ಲೆ ತೂಗುಹಾಕಿ, ಹುಡುಗರಿಗೊಂದು, ಹುಡುಗಿಯರಿಗೊಂದು. ಬಿಲ್ಲೆ ಇದ್ದರೆ ಕೇಳದೆ ಹೋಗಬಹುದು. ಅವಸರವಾದ ಪುಟ್ಟ ಮಗುವನ್ನು ಮಾತ್ರ ಬಿಲ್ಲೆಗಾಗಿ ಕಾಯಿಸಬೇಡಿ.

ಮಾತಾಡಿದವರ ಹೆಸರನ್ನು ಲೀಡರ್ ಕೈಲಿ ಬರೆಸುವ ಹಳೇ ಚಾಳಿ ಬಿಡಿ. ಹೆಸರು ಅಳಿಸಲು ನೆಲ್ಲಿಕಾಯಿ ಲಂಚ ಶುರುವಾಗುತ್ತದೆ. ಗುಂಪಿನ ಲೀಡರ್ ವಾರಕ್ಕೊಬ್ಬರಾಗಲಿ, ಕೆಲಸ ಕಾರ್ಡು ಹಂಚುವುದು, ವಾಪಸ್ ಜೋಡಿಸುವುದು ಇಷ್ಟೇ. ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಎಲ್ಲರೆದುರು ಹೀಯಾಳಿಸುವುದು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ದಿನವೂ ಒಂದೇ ಮಗು ತಂಟೆ ಮಾಡುತ್ತಿದ್ದರೆ ಬಯ್ಯುವ ಮೊದಲು ಅದರ ಪ್ರಗತಿ ನೋಟ, ಅಂದರೆ ಮಗು ಎಲ್ಲಿವರೆಗೆ ಕಲಿತಿದೆ ಎಂದು ಗುರುತು ಹಾಕುವ ಪಟ್ಟಿ, ತೆಗೆದು ನೋಡಿ. ನಡುವೆ ಒಂದು ಲೋಗೋ (ಕಾರ್ಡಿನ ಚಟುವಟಿಕೆ ಸೂಚಿಸುವ ಚಿತ್ರ) ಬಿಟ್ಟು ಮುಂದಿನದಕ್ಕೆ ಹಾರಿರಬಹುದು, ಕೈಲಿರುವ ಕಾರ್ಡು ಓದಲು ಬರುತ್ತಿರಲಾರದು. ಕರೆದು ಬಲಗಡೆ ಕೂರಿಸಿಕೊಂಡು, ಬಿಟ್ಟುಹೋದ ಕಾರ್ಡು ಕೊಟ್ಟು, ಐದು ನಿಮಿಷ ಜೊತೆಗೆ ಓದಿಸಿ ಅದೇ ತಟ್ಟೆಗೆ ಕಳಿಸಿ.