ನಿಂತುಹೋದ ಇವಿ3ಗೆ ಬಿಡಿಭಾಗ ಹುಡುಕಿದ್ದು: ನನ್ನ ಅನುಭವ

ಈ ಸಲದ ಸ್ಪರ್ಧೆಗೆ ನಮ್ಮ ವಿದ್ಯಾರ್ಥಿಗಳು ಲೆಗೊ ಕಂಪನಿಯ ಇವಿ3 ಕಿಟ್ಟಿನಿಂದ ಕಟ್ಟಿದ ಎರಡು ರೋಬೋಟ್‌ಗಳನ್ನು ತೆಗೆದುಕೊಂಡು ಹೋದರು. ಒಂದು ಮೇಜಿನ ಮೇಲೆ ಓಡಿತು. ಇನ್ನೊಂದು ಅದರ ತದ್ರೂಪು. ಮೊದಲನೆಯದು ಕೈಕೊಟ್ಟರೆ ಇರಲೆಂದು ಪೆಟ್ಟಿಗೆಯಲ್ಲಿ ಕಾದಿತ್ತು, ಕೊನೆಗೂ ಅದನ್ನು ಹೊರತೆಗೆಯುವ ಸಂದರ್ಭ ಬರಲಿಲ್ಲ. ಈ ಎರಡರಲ್ಲೂ ಇದ್ದ ಬ್ರಿಕ್ (ರೋಬೋಟನ್ನು ನಡೆಸುವ ಪುಟ್ಟ ಕಂಪ್ಯೂಟರ್), ಮೋಟಾರ್, ಸೆನ್ಸರ್‌ಗಳಲ್ಲಿ ಮುಕ್ಕಾಲು ಪಾಲು ‘ಕೆಟ್ಟುಹೋಗಿದೆ’ ಎಂದು ಇನ್ನೊಬ್ಬರು ಎತ್ತಿಟ್ಟಿದ್ದವು.

2013ರಲ್ಲಿ ಬಂದ ಇವಿ3 ಮಾರಾಟ 2021ರಲ್ಲಿ ನಿಂತಿತು. ಆಗಿನಿಂದ ಬೇರೆ ತಂಡಗಳ ಮಾರ್ಗದರ್ಶಕರು ನನಗೆ ಹೇಳಿದ್ದು ಒಂದೇ ಮಾತು: ಹಳೆಯದಕ್ಕೆ ಹಣ ಸುರಿಯಬೇಡಿ, ಲೆಗೊದ ಹೊಸ ಕಿಟ್ ಸ್ಪೈಕ್ ಪ್ರೈಮ್ ಕೊಳ್ಳಿ. ನಮ್ಮ ಮಕ್ಕಳು ಮೂರು ವರ್ಷ ಕೂತು ಬರೆದ ಪ್ರೋಗ್ರಾಮ್‌ಗಳು, ಅಳೆದು ಹೊಂದಿಸಿದ ಗೇರ್ ಜೋಡಣೆಗಳು ಎಲ್ಲವೂ ಇವಿ3 ಮೇಲಿದ್ದವು. ಅದನ್ನು ಬಿಟ್ಟು ಮೊದಲಿನಿಂದ ಶುರುಮಾಡಲು ನನಗೆ ಮನಸ್ಸಾಗಲಿಲ್ಲ.

ಹಣದ ಲೆಕ್ಕಕ್ಕೆ ಹೊಸ ಕಿಟ್ಟಿನ ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ಮೊದಲ ನಾಲ್ಕು ತಿಂಗಳಲ್ಲಿ ನಾನು ಸುಮಾರು 80 ಕಳೆದುಕೊಂಡೆ, ಕೈಗೆ ಬಂದದ್ದು ಬಹಳ ಕಡಿಮೆ. ಸೀಲ್ ಒಡೆಯದ ಒಂದು ದೊಡ್ಡ ಮೋಟಾರಿಗೇ 20 ಕೊಟ್ಟೆ. ಮೋಟಾರ್ ಚೆನ್ನಾಗಿಯೇ ಇತ್ತು, ಆದರೆ ಆ ದರದಲ್ಲಿ ನಾಲ್ಕು ಕೊಂಡರೆ ಹೊಸ ಕಿಟ್ಟಿನ ಹತ್ತಿರ ಹೋಗುತ್ತೇವೆ. ಆಮೇಲೆ ಗೈರೋ (ರೋಬೋಟ್ ಎಷ್ಟು ತಿರುಗಿತೆಂದು ಅಳೆಯುವ ಸೆನ್ಸರ್) ಸಿಗುತ್ತದೆಂದು ಒಂದು ಪೂರ್ತಿ ಸೆಟ್ ತರಿಸಿದೆ. ಅದು ಮನೆಬಳಕೆಯ 31313. ಅದರಲ್ಲಿರುವುದು ಇನ್‌ಫ್ರಾರೆಡ್ ಸೆನ್ಸರ್. ಗೈರೋ, ಅಲ್ಟ್ರಾಸಾನಿಕ್, ಚಾರ್ಜ್ ಮಾಡುವ ಬ್ಯಾಟರಿ ಮೂರೂ ಶಾಲೆಗಳಿಗೆಂದು ಬಂದ 45544 ಸೆಟ್ಟಿನಲ್ಲಿ ಮಾತ್ರ ಇರುತ್ತವೆ. ಇದು ನನಗೆ ಗೊತ್ತೇ ಇತ್ತು. ಚಿತ್ರದಲ್ಲಿ ಕಂಡ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದದೆ ಅವಸರದಲ್ಲಿ 40 ಕಳೆದೆ. ಉಳಿದ 20 ಹೋದದ್ದು ‘ಕೆಲಸ ಮಾಡುತ್ತಿದೆ’ ಎಂದು ಮಾರಿದ ಒಂದು ಬ್ರಿಕ್ಕಿಗೆ. ಪರದೆ ಹೊತ್ತಿಕೊಂಡ ಚಿತ್ರ ಹಾಕಿದ್ದರು. ಪರದೆ ಹೊತ್ತಿದ್ದು ನಿಜ, ಆದರೆ ಮೋಟಾರ್ ಸಿಕ್ಕಿಸುವ ಬಿ ಮತ್ತು ಸಿ ಪೋರ್ಟ್‌ಗಳು ಸತ್ತಿದ್ದವು.

ದಾರಿ ತೋರಿದ್ದು ಸುಮಾರು 4ಕ್ಕೆ ಸಿಕ್ಕ ಇನ್ನೊಂದು ಬ್ರಿಕ್. ಆನ್ ಮಾಡಿದರೆ ಕೆಂಪು ದೀಪ, ‘ಸ್ಟಾರ್ಟಿಂಗ್’ ಎಂಬ ಅಕ್ಷರ, ಮುಂದೆ ಏನೂ ಇಲ್ಲ. ‘ಬ್ಯಾಕ್’ ಗುಂಡಿ, ನಡುಗುಂಡಿ, ಬಲಗುಂಡಿ ಮೂರನ್ನೂ ಒತ್ತಿಹಿಡಿದು ಅಪ್‌ಡೇಟ್ ಸ್ಥಿತಿಗೆ ತಂದು ಫರ್ಮ್‌ವೇರ್ (ಬ್ರಿಕ್ಕನ್ನು ನಡೆಸುವ ಮೂಲ ತಂತ್ರಾಂಶ) ಮತ್ತೆ ತುಂಬಿದೆ. ಎಂಟೂ ಪೋರ್ಟ್‌ಗಳು ಕೆಲಸ ಮಾಡಿದವು. ಅವತ್ತಿನಿಂದ ‘ಕೆಲಸ ಮಾಡುತ್ತಿದೆ’ ಎಂಬ ಮಾತಿಗೆ ಹಣ ಕೊಡುವುದನ್ನು ನಿಲ್ಲಿಸಿದೆ. ಕೆಟ್ಟಿದೆ ಎನ್ನುವವರು ಹೆಚ್ಚಿನಂಶ ಪರೀಕ್ಷೆ ಮಾಡಿ ಹಾಗೆ ಹೇಳಿರುವುದಿಲ್ಲ. ಒಮ್ಮೆ ಆನ್ ಆಗಲಿಲ್ಲ, ಅಷ್ಟೇ.

ಹುಡುಕುವ ಕ್ರಮವನ್ನೂ ಬದಲಿಸಿದೆ. ‘ಇವಿ3 ಮೋಟಾರ್’ ಎಂದು ಹುಡುಕಿದರೆ ಬೆಲೆ ಗೊತ್ತಿರುವ ಮಾರಾಟಗಾರರೇ ಸಿಗುತ್ತಾರೆ. ಸೆಟ್ ಸಂಖ್ಯೆ, ಬಿಡಿ ಪ್ಯಾಕೆಟ್ ಸಂಖ್ಯೆ ಹಾಕಿದರೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ: ದೊಡ್ಡ ಮೋಟಾರಿಗೆ 45502, ಮಧ್ಯಮದ್ದಕ್ಕೆ 45503, ಗೈರೋಗೆ 45505, ಕೇಬಲ್‌ಗಳಿಗೆ 45514. ಇದಕ್ಕಿಂತ ದೊಡ್ಡ ಫಲ ಕೊಟ್ಟದ್ದು ಪತ್ರಗಳು. ಹೊಸ ಕಿಟ್ಟಿಗೆ ಬದಲಾದ ಶಾಲೆಗಳ ಬೀರುಗಳಲ್ಲಿ ಹಳೆಯ ಇವಿ3 ಇದ್ದೇ ಇರುತ್ತದೆ. ಆದರೆ ಕಿಟ್ ಕೇಳಿದರೆ ಯಾರೂ ಕೊಡುವುದಿಲ್ಲ, ಅದು ದಾಸ್ತಾನು ಪುಸ್ತಕದಲ್ಲಿರುವ ವಸ್ತು. ನಾನು ಕೇಳಿದ್ದು ಕೆಟ್ಟವುಗಳನ್ನು ಹಾಕಿಟ್ಟ ಪೆಟ್ಟಿಗೆಯನ್ನು. ಸುಮಾರು ನಲವತ್ತು ಪತ್ರ ಬರೆದೆ, ಹತ್ತೋ ಹನ್ನೊಂದೋ ಉತ್ತರ ಬಂತು, ಆರು ಪೆಟ್ಟಿಗೆ ಸಿಕ್ಕವು. ನಾಲ್ಕಕ್ಕೆ ಸಾಗಣೆ ವೆಚ್ಚ ಮಾತ್ರ. ಪತ್ರದ ಎರಡನೆಯ ವಾಕ್ಯದಲ್ಲಿ ಏನು ಬರೆಯುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮುಂದಿನ ವರ್ಷವೂ ಅದು ನನಗೆ ಬೇಕು.

ಪೆಟ್ಟಿಗೆಗಳಲ್ಲಿದ್ದ ಒಂಬತ್ತು ಬ್ರಿಕ್‌ಗಳಲ್ಲಿ ಐದು ಬದುಕಿದವು. ಎರಡಕ್ಕೆ ಫರ್ಮ್‌ವೇರ್ ಸಾಕಾಯಿತು. ಮೂರರಲ್ಲಿ ಎಎ ಸೆಲ್‌ಗಳು ಸೋರಿ ಸ್ಪ್ರಿಂಗ್‌ಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ಹತ್ತಿಯಲ್ಲಿ ವಿನೆಗರ್ ಅದ್ದಿ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಂದು ದಿನ ಒಣಗಲು ಬಿಟ್ಟೆ. ಚಾರ್ಜ್ ಮಾಡುವ ಬ್ಯಾಟರಿಗಳಲ್ಲಿ ಬ್ರಿಕ್ಕಿಗೆ ಸಮವಾಗಿ ಕೂರದವನ್ನು ನೇರವಾಗಿ ಪಕ್ಕಕ್ಕಿಟ್ಟೆ. ಉಬ್ಬಿದ ಲಿಥಿಯಂ ಬ್ಯಾಟರಿಗೆ ಒಮ್ಮೆಯೂ ಚಾರ್ಜರ್ ಸಿಕ್ಕಿಸಬಾರದು.

ಬಳಸಿದ ಮೋಟಾರ್‌ಗಳ ವಿಷಯದಲ್ಲಿ ನಾವು ಮಾಡಿದ ಕೆಲಸ ನನಗೆ ಹೆಮ್ಮೆ ತಂದಿದೆ. ರೋಬೋಟ್ ಒಂದು ಪಕ್ಕಕ್ಕೆ ಎಳೆಯುತ್ತದೆ ಎಂದು ಎಲ್ಲರೂ ಪ್ರೋಗ್ರಾಮ್ ತಿದ್ದುತ್ತಾರೆ. ನಾವು ತಿದ್ದಲಿಲ್ಲ. ಪ್ರತಿ ದೊಡ್ಡ ಮೋಟಾರನ್ನೂ ಒಂದೇ ಬ್ರಿಕ್, ಒಂದೇ ಪೋರ್ಟ್, ತುಂಬಿದ ಬ್ಯಾಟರಿ ಇಟ್ಟುಕೊಂಡು ಪೂರ್ತಿ ಶಕ್ತಿಯಲ್ಲಿ, ವೇಗನಿಯಂತ್ರಣ ಇಲ್ಲದೆ, ಹತ್ತು ಸೆಕೆಂಡು ಓಡಿಸಿ ಎಷ್ಟು ಡಿಗ್ರಿ ತಿರುಗಿತೆಂದು ಮಕ್ಕಳು ಬರೆದುಕೊಂಡರು. ಒಳ್ಳೆಯದು 9,900ರ ಆಸುಪಾಸು, ಸೋತದ್ದು 8,400. ಹದಿನಾಲ್ಕು ಮೋಟಾರ್‌ಗಳಲ್ಲಿ ನೂರು ಡಿಗ್ರಿಯೊಳಗೆ ಹೊಂದುವ ನಾಲ್ಕು ಜೋಡಿ ಸಿಕ್ಕವು. ಚಕ್ರಗಳಿಗೆ ಜೋಡಿಗಳು, ತೋಳುಗಳಿಗೆ ಒಂಟಿಗಳು. ಆ ಪಟ್ಟಿ ಕೈಗೆ ಬಂದ ಮೇಲೆ ನೇರ ಓಟದ ತಕರಾರು ಬಹುಮಟ್ಟಿಗೆ ನಿಂತಿತು. ಅಳೆಯುವ ಮುನ್ನ ಮೋಟಾರನ್ನು ಒಂದು ವಿಶೇಷ ರೀತಿಯಲ್ಲಿ ‘ಪಳಗಿಸುತ್ತೇವೆ’, ಅದನ್ನು ಇಲ್ಲಿ ಬರೆಯುವುದಿಲ್ಲ.

ಮೋಟಾರ್ ಬಿಗಿಯಾಗಿದ್ದರೆ ಮೊದಲು ಕೆಂಪು ತಿರುಗುಮುಖದ ಸಂದಿ ನೋಡಿ. ನಾಲ್ಕರಲ್ಲಿ ಮೂರು ಸಲ ಕೂದಲು, ದಾರ, ಮ್ಯಾಟಿನ ಎಳೆ ಸಿಕ್ಕಿರುತ್ತದೆ. ಚಿಮುಟದಿಂದ ಎಳೆದರೆ ಸಾಕು. ಬಿಚ್ಚಬೇಕಾಗಿ ಬಂದ ಎರಡು ಮೋಟಾರ್‌ಗಳು ಅಭ್ಯಾಸದ ರೋಬೋಟಿಗೆ ಹೋದವು. ಮಕ್ಕಳ ರೋಬೋಟ್ ಸ್ಪರ್ಧೆಯಾದ ಫಸ್ಟ್ ಲೆಗೊ ಲೀಗ್‌ನಲ್ಲಿ ಭಾಗಗಳು ತಯಾರಾದ ಸ್ಥಿತಿಯಲ್ಲೇ ಇರಬೇಕು ಎಂಬ ನಿಯಮವಿದೆ, ಅದರ ಜೊತೆ ಆಟ ಬೇಡ.

ಅದೇ ಕಾರಣಕ್ಕೆ ಕೇಬಲ್ ಪ್ರಯೋಗವೂ ಅಭ್ಯಾಸದ ಮೇಜಿನಾಚೆ ಹೋಗಲಿಲ್ಲ. ಇವಿ3 ಪ್ಲಗ್ ನೋಡಲು ಟೆಲಿಫೋನ್ ಪ್ಲಗ್ಗಿನಂತಿದ್ದರೂ ಕೊಂಡಿ ನಡುವೆ ಇರದೆ ಒಂದು ಬದಿಗಿರುತ್ತದೆ. ಆರು ತಂತಿಯ ಟೆಲಿಫೋನ್ ಕೇಬಲ್ ತಂದು ಕೊಂಡಿ ಹೆರೆದು ತೂರಿಸಿದೆವು. ಮೊದಲ ಕೇಬಲ್ಲಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ತಂತಿಗಳ ಕ್ರಮ ತಿರುಗಿತ್ತು. ಬಿಳಿಯಿಂದ ನೀಲಿಯವರೆಗಿನ ಕ್ರಮ ಎರಡೂ ತುದಿಯಲ್ಲಿ ಒಂದೇ ಆಗಿರಬೇಕು. ಮೀಟರ್ ಹಿಡಿದು ನೋಡಿದ್ದರಿಂದ ಸೆನ್ಸರ್ ಉಳಿಯಿತು. ಸರಿಪಡಿಸಿದ ಮೇಲೆ ಓಡಿತು, ಆದರೆ ಕೊಂಡಿಯಿಲ್ಲದ ಪ್ಲಗ್ ಎರಡು ಡಿಕ್ಕಿಗೆ ಕಳಚಿ ಬಿತ್ತು.

ಇನ್ನೊಂದು ಪೆಟ್ಟಿಗೆಯ ತಳದಲ್ಲಿ ಇವಿ3ಗಿಂತ ಹಿಂದಿನ, 2006ರ ಪೀಳಿಗೆಯ ಎನ್‌ಎಕ್ಸ್‌ಟಿ ಬ್ರಿಕ್ ಇತ್ತು. ಪರದೆ ಖಾಲಿ, ಕಿವಿಗೆ ಹಿಡಿದರೆ ಟಿಕ್ ಟಿಕ್ ಸದ್ದು. ಆ ಸದ್ದು ಕೇಳಿದರೆ ಬಿಸಾಡಬೇಡಿ, ಅದು ಫರ್ಮ್‌ವೇರ್‌ಗಾಗಿ ಕಾಯುತ್ತಿದೆ ಎಂದರ್ಥ. ಅದರ ಜೊತೆ ಬಂದ ಮೂರು ಎನ್‌ಎಕ್ಸ್‌ಟಿ ಮೋಟಾರ್‌ಗಳು ಇವಿ3 ಬ್ರಿಕ್ಕಿಗೂ ಹೊಂದುತ್ತವೆ, ಆಕಾರ ಮಾತ್ರ ಬೇರೆ. ಕಿರಿಯ ಮಕ್ಕಳ ಅಭ್ಯಾಸಕ್ಕೆ ಅವನ್ನೇ ಕೊಟ್ಟೆ.

ಗೈರೋ ಮಾತ್ರ ನನ್ನನ್ನು ಇನ್ನೂ ಕಾಡುತ್ತಿದೆ. ಬಂದ ಏಳರಲ್ಲಿ ಮೇಜಿನ ಮೇಲೆ ಅಲುಗದೆ ಒಂದು ನಿಮಿಷ ಇಟ್ಟಾಗ ಸೊನ್ನೆಯಲ್ಲೇ ನಿಂತವು ಮೂರು. ಉಳಿದವುಗಳಲ್ಲಿ ಎರಡು, ರೋಬೋಟ್ ಸ್ತಬ್ಧವಾಗಿರುವಾಗ ಮೋಡ್ ಬದಲಿಸಿ ಮರಳಿ ತಂದರೆ ಸುಧಾರಿಸುತ್ತವೆ. ಇನ್ನೆರಡನ್ನು ಬಿಟ್ಟುಬಿಟ್ಟೆ.

ಎರಡನೆಯ ಹಂತದಲ್ಲಿ, ಅಂದರೆ ಪೆಟ್ಟಿಗೆಗಳು ಬರತೊಡಗಿದ ಮೇಲೆ, ಸಾಗಣೆ, ಎರಡು ಬ್ಯಾಟರಿ, ಒಂದಿಷ್ಟು ಕೇಬಲ್ ಸೇರಿ ಖರ್ಚಾದದ್ದು 35ರಷ್ಟು. ಮೊದಲ ನಾಲ್ಕು ತಿಂಗಳ 80 ಇಲ್ಲದಿದ್ದರೆ ಹೊಸ ಕಿಟ್ಟಿನ ಮೂರನೇ ಒಂದು ಭಾಗದಲ್ಲಿ ಎರಡು ರೋಬೋಟ್ ನಿಂತಿರುತ್ತಿದ್ದವು. ಹಳೆಯದಕ್ಕೆ ಹಣ ಸುರಿಯಬೇಡಿ ಎಂದಿದ್ದ ಮಾರ್ಗದರ್ಶಕರೊಬ್ಬರು ಸ್ಪರ್ಧೆ ಮುಗಿದ ಮೇಲೆ ಬಂದು ಮೋಟಾರ್ ಜೋಡಿಗಳ ಪಟ್ಟಿಯ ಚಿತ್ರ ತೆಗೆದುಕೊಂಡರು. ಏಳನೆಯ ಪೆಟ್ಟಿಗೆ ಮೊನ್ನೆ ಬಂದಿದೆ. ಮೇಲ್ಗಡೆಯೇ ಎರಡು ಗೈರೋ ಕಾಣುತ್ತಿವೆ, ನಾಳೆ ಮಕ್ಕಳು ಬಂದ ಮೇಲೆ ಮೇಜಿನ ಮೇಲಿಡುತ್ತೇವೆ.